ಹೃದಯದ ಜಾಲರಿಯೂ ರಕ್ತದ ಹೆಪ್ಪೂ

ನಮ್ಮ ಅಣ್ಣನವರಿಗೆ ಕೊಲ್ಲಾಪುರದಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿ ಎರಡು ತಿಂಗಳಾಗಿತ್ತು. ಹಲ್ಲು ಕೀಳಿಸಬೇಕು, ರಕ್ತ ನಿಲ್ಲಲಿಕ್ಕಿಲ್ಲವೆಂದು ಅವರು ಯಾರನ್ನೂ ಕೇಳದೆ ಗುಳಿಗೆಗಳನ್ನು ಬಿಟ್ಟು ಮೂರು ದಿನವಾದುದು ಬಿದ್ರಿಯ ಮನೆಗೆ ಹೋದಾಗ ನಮಗೆ ತಿಳಿಯಿತು. “ನಳಿಗಿ ಹಾಕ್ಯಾರ, ಎದಿನೋವು ಹೋಗೇದ, ಇನ್ನ ಆ ಗುಳಿಗಿ ಯಾಕ ತಮ್ಮಾ?” ಎಂದರು. ಒಡನೆಯೇ ವೈದ್ಯರಿಗೆ ದೂರವಾಣಿ ಮಾಡಿದೆವು. ಗುಳಿಗೆ ಅಂದೇ ಮತ್ತೆ ಆರಂಭವಾಯಿತು. ‘ಯಾಕ’ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಮಕ್ಕಳಿಗೆ ವಿಜ್ಞಾನ ಹೇಳುವ ನಮಗೂ ಅದಕ್ಕೆ ಸರಿಯಾದ ಉತ್ತರ ಗೊತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆ ಬಳಿಕ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ತನ್ನದಲ್ಲದ ಮೇಲ್ಮೈಯನ್ನು ಮುಟ್ಟಿದ ರಕ್ತವು ಅದನ್ನು ಗಾಯವೆಂದೇ ಬಗೆದು ಹೆಪ್ಪುಗಟ್ಟತೊಡಗುತ್ತದೆ. ಸ್ಟೆಂಟ್ ಎಂಬುದೋ ಲೋಹದ ಸೂಕ್ಷ್ಮ ಜಾಲರಿ. 1986ರಲ್ಲಿ ಫ್ರಾನ್ಸಿನ ತುಲೂಸ್ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ನಗರಗಳಲ್ಲಿ ಮನುಷ್ಯರ ಹೃದಯನಾಳಕ್ಕೆ ಅದನ್ನು ಮೊದಲು ಅಳವಡಿಸಿದರು. 1991ರಲ್ಲಿ ಪ್ರಕಟವಾದ ವರದಿಯಂತೆ 105 ರೋಗಿಗಳಲ್ಲಿ 25 ಜನರ ಸ್ಟೆಂಟ್ ಪೂರ್ತಿ ಮುಚ್ಚಿಹೋಗಿತ್ತು. ಅದೂ ಬಹುಮಟ್ಟಿಗೆ ಮೊದಲ 14 ದಿನಗಳೊಳಗೆ.

ಆದುದರಿಂದ ಲೋಹವನ್ನು ರಕ್ತದೊಡನೆ ಮೊದಲು ಪ್ರಯೋಗಾಲಯದಲ್ಲಿಯೇ ಪರಿಚಯಿಸುತ್ತಾರೆ. ಅಮೆರಿಕದ ಚಾಂಡ್ಲರ್ 1958ರಲ್ಲಿ ತೋರಿಸಿದ ಉಪಾಯ ಬಹು ಸರಳವಾದುದು. ಪಾರದರ್ಶಕ ನಳಿಕೆಯನ್ನು ಬಳೆಯಂತೆ ಬಗ್ಗಿಸಿ, ಅರ್ಧದಷ್ಟು ರಕ್ತ ತುಂಬಿ, ತುದಿಗಳನ್ನು ಕೂಡಿಸಿ ತಿರುಗಿಸುವುದು. ಬಳೆ ತಿರುಗುತ್ತದೆ, ರಕ್ತ ತಳದಲ್ಲಿಯೇ ಉಳಿಯುತ್ತದೆ. ಹೀಗೆ ನಳಿಕೆಯ ಗೋಡೆಯ ಮೇಲೆ ರಕ್ತ ಹರಿದಂತಾಗುತ್ತದೆ. ಈಗ ನಳಿಕೆಯೊಳಗೆ ಸ್ಟೆಂಟನ್ನಿಟ್ಟು, ದಾನಿಗಳ ರಕ್ತಕ್ಕೆ ತುಸು ಹೆಪಾರಿನ್ ಬೆರೆಸಿ, 37 ಡಿಗ್ರಿ ಉಷ್ಣತೆಯಲ್ಲಿ ತಿರುಗಿಸುತ್ತಾರೆ. ಕೊನೆಗೆ ಅಂಟಿದ ಹೆಪ್ಪನ್ನು ತೂಗಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೃದಯದ ಬಡಿತದಂತೆ ರಕ್ತವನ್ನು ತಳ್ಳುವ ಯಂತ್ರಗಳೂ ಇವೆ.

ಜಾಲರಿಯ ಎಳೆಯ ದಪ್ಪ ಏಕೆ ಮುಖ್ಯವೆಂಬುದನ್ನು ನಮ್ಮ ಕಡೆಯವರಿಗೆ ಹೇಳುವುದು ಸುಲಭ. ದೂಧಗಂಗೆಯ ಬಂಧಾರದ ಕಂಬಗಳ ಮರೆಯಲ್ಲಿ ನೀರು ಸುಳಿಯಾಗಿ ಕಸಕಡ್ಡಿ ತಂಗುವುದನ್ನು ಯಾರು ಕಂಡಿಲ್ಲ? ಎಳೆ ದಪ್ಪವಾದಷ್ಟೂ ರಕ್ತದ ಸುಳಿ ದೊಡ್ಡದು. ಕೋಲಂದೈವೇಲು, ಎಡೆಲ್‌ಮನ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 81 ಮೈಕ್ರಾನ್ ಎಳೆಗಿಂತ 162 ಮೈಕ್ರಾನ್ ಎಳೆಯ ಸ್ಟೆಂಟಿನಲ್ಲಿ ಹೆಪ್ಪು ಒಂದೂವರೆ ಪಟ್ಟು. ನಾಳದ ಗೋಡೆಗೆ ಸರಿಯಾಗಿ ಕೂಡದೆ ನಿಂತ ಜಾಲರಿಯಲ್ಲಿಯೂ ಹೆಪ್ಪು ಹೆಚ್ಚು. ಹೆಪ್ಪಿಗೆ ಕಾರಣವೆಂದು ಹಲವರು ಶಂಕಿಸಿದ್ದ ಔಷಧಲೇಪವು ಮೊದಲ ಹಂತದಲ್ಲಿ ಅದನ್ನು ತಗ್ಗಿಸಿದ್ದೇ ನಮಗೆ ಅಚ್ಚರಿಯೆನಿಸಿತು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ಹೊಸದಲ್ಲ. 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ತಿರುವನಂತಪುರದ ‘ಚಿತ್ರಾ’ ಹೃದಯ ಕವಾಟವೂ ಇಂತಹ ರಕ್ತಪರೀಕ್ಷೆಗಳನ್ನು ದಾಟಿಯೇ ಬಂದಿತು. ಅದರ ರೂವಾರಿ ಡಾ. ವಲಿಯತ್ತಾನರು ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಗಳಾದರು.

ಆದರೆ ನಳಿಕೆಯ ಪರೀಕ್ಷೆ ಕೆಲವು ಗಂಟೆಗಳದು. ದೇಹದಲ್ಲಿ ನಾಳದ ಒಳಪೊರೆ ಜಾಲರಿಯ ಮೇಲೆ ಬೆಳೆದು ಲೋಹವನ್ನು ಮರೆಮಾಡಲು ತಿಂಗಳುಗಳೇ ಬೇಕು. ಔಷಧಲೇಪವು ಆ ಬೆಳವಣಿಗೆಯನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಅಲ್ಲಿಯವರೆಗೆ ಕಾವಲು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್‌ನಂತಹ ಗುಳಿಗೆಗಳದು. ಅದು ಎಷ್ಟು ಕಾಲವೆಂಬುದನ್ನು ವೈದ್ಯರೇ ಹೇಳಬೇಕು.

ಇದನ್ನೆಲ್ಲ ಕೇಳಿ ಅಣ್ಣನವರು “ಬಂಧಾರದ ಮಾತು ತಿಳೀತು” ಎಂದರು. ಹಲ್ಲು ಕೀಳುವುದನ್ನು ಸದ್ಯಕ್ಕೆ ಮುಂದೂಡಲಾಗಿದೆ. ಅವರು ಲವಂಗ ಕಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾರೆ.