ಗೆಳೆಯರ ಮದುವೆ, ಮಲೆನಾಡಿನ ಮೂರು ದಿನ: ಉಂಡು ಮಲಗೋದಷ್ಟೇ ಅಲ್ಲ, ಸ್ವಲ್ಪ ಓಡಾಡೋಣ!

ಮೂವತ್ತರ ಆಸುಪಾಸಿನಲ್ಲಿರುವ ನಮ್ಮಂಥವರಿಗೆ ಏಪ್ರಿಲ್-ಮೇ ಬಂತೆಂದರೆ ವಾಟ್ಸ್‌ಆ್ಯಪ್ ತುಂಬ ಲಗ್ನಪತ್ರಿಕೆಗಳೇ. ಕಾಲೇಜು ಮುಗಿದ ಮೇಲೆ ಗೆಳೆಯರೆಲ್ಲ ಒಟ್ಟಿಗೆ ಸೇರೋದು ಈಗ ಮದುವೆ ಮನೆಯಲ್ಲಿ ಮಾತ್ರ. ಒಬ್ಬ ಪುಣೆಯಲ್ಲಿ, ಇನ್ನೊಬ್ಬಳು ಹೈದರಾಬಾದಿನಲ್ಲಿ, ಉಳಿದವರು ಬೆಂಗಳೂರಲ್ಲೇ ಇದ್ದರೂ ವೈಟ್‌ಫೀಲ್ಡ್‌ನವರಿಗೆ ಕೆಂಗೇರಿಯವರು ಪರದೇಶದವರ ಹಾಗೆ. ಹಾಗಾಗಿ ಮಲೆನಾಡಿನಲ್ಲಿ ಮದುವೆ ಅಂದ್ರೆ ಎಲ್ಲರೂ ಖುಷಿಯಿಂದ ಹೊರಡುತ್ತೇವೆ.

ಆದರೆ ಹೋಗಿ ಮಾಡೋದೇನು? ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗೋದು, ಹೋಂಸ್ಟೇಯಲ್ಲಿ ಮಧ್ಯಾಹ್ನದವರೆಗೆ ಮಲಗೋದು, ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡು ಉಣ್ಣೋದು, ರಾತ್ರಿ ಎರಡರವರೆಗೆ ಇಸ್ಪೀಟು, ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ಅಕ್ಷತೆ ಹಾಕಿ ಮತ್ತೆ ಬಸ್ಸು. ವಾರದ ಐದು ದಿನ ಕುರ್ಚಿಯಲ್ಲಿ ಕೂತವರು ವಾರಾಂತ್ಯದಲ್ಲಿ ಜಾಗ ಬದಲಿಸಿ ಕೂತ ಹಾಗಾಯಿತು, ಅಷ್ಟೆ. ಸುತ್ತ ಅಂಥ ಕಾಡು, ಗುಡ್ಡ, ಗದ್ದೆ ಇದ್ದರೂ ನಾವು ನೋಡೋದು ಚಾರ್ಜಿಂಗ್ ಪಾಯಿಂಟ್ ಎಲ್ಲಿದೆ ಅಂತ!

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಎಂಟು ಜನರ ಗುಂಪಿನಲ್ಲಿ ಅಷ್ಟು ಮಾಡುವವರು ಇಬ್ಬರೋ ಮೂವರೋ. ಒಬ್ಬನಿಗೆ 31ಕ್ಕೇ ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದೀಯ ಅಂತ ಡಾಕ್ಟರು ಹೇಳಿದ್ದಾರೆ. ಒಬ್ಬಳಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ಇನ್ನೊಬ್ಬಳ ಕಂಕುಳಲ್ಲಿ ಎರಡು ವರ್ಷದ ಮಗು. ಕಳೆದ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಗೆಳೆಯನ ಮದುವೆಗೆ ಹೊರಟಾಗ ನಾವು ಹಾಕಿಕೊಂಡದ್ದು ಎರಡೇ ನಿಯಮ. ಮದುವೆ ಮನೆಯವರಿಗೆ ನಾವು ಹೊರೆಯಾಗಬಾರದು. ನಮ್ಮ ಗುಂಪಿನಲ್ಲಿ ಯಾರೂ ಹೊರಗುಳಿಯಬಾರದು. ಈ ಎರಡನ್ನು ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗೇ ಸರಿಹೋಗುತ್ತದೆ ಅನ್ನೋದು ನನ್ನ ಅನುಭವ.

ಮೊದಲು ಮದುವೆ ಮನೆಯ ಗಡಿಯಾರ ನೋಡಿ

ಟ್ರೆಕ್ಕಿಂಗ್ ಪ್ಲಾನ್ ಮಾಡುವ ಮೊದಲು ಮದುಮಗನ ಅಕ್ಕನಿಗೋ ಚಿಕ್ಕಪ್ಪನಿಗೋ ಒಂದು ಫೋನ್ ಮಾಡಿ. ಮದುಮಗನಿಗೆ ಬೇಡ, ಅವನ ತಲೆಯಲ್ಲಿ ಸಾವಿರ ಇರ್ತದೆ. ಚಪ್ಪರದ ಕೆಲಸ ಯಾವಾಗ, ಅರಿಶಿನ ಶಾಸ್ತ್ರ ಎಷ್ಟು ಹೊತ್ತಿಗೆ, ದಿಬ್ಬಣ ಎಲ್ಲಿಂದ ಹೊರಡ್ತದೆ, ಧಾರೆ ಮುಹೂರ್ತ ಎಷ್ಟಕ್ಕೆ, ಬೀಗರೂಟ ಯಾವತ್ತು, ಇಷ್ಟು ಕೇಳಿ ಬರೆದುಕೊಳ್ಳಿ. ನಡುವೆ ಖಾಲಿ ಇರುವ ಹೊತ್ತು ನಿಮ್ಮದು.

ನಮಗೆ ಸಿಕ್ಕಿದ್ದು ಹೀಗೆ: ಶನಿವಾರ ಬೆಳಿಗ್ಗೆ ಚಪ್ಪರ, ಸಂಜೆ ಆಟ. ಭಾನುವಾರ ಪೂರ್ತಿ ಮದುವೆ. ಸೋಮವಾರ ಒಂದು ದಿನ ರಜೆ ಹಾಕಿ ಬೆಳಿಗ್ಗೆ ಗುಡ್ಡ, ಸಂಜೆ ಒಂದು ಸಣ್ಣ ಸುತ್ತು, ರಾತ್ರಿ ಬಸ್. ಮುಹೂರ್ತದ ದಿನ ಬೆಳಿಗ್ಗೆ ಚಾರಣ ಇಟ್ಟುಕೊಳ್ಳಬೇಡಿ. ಘಾಟಿ ರಸ್ತೆಯಲ್ಲಿ ಒಂದು ಟೈರ್ ಪಂಕ್ಚರ್ ಆದರೆ ಸಾಕು, ನೀವು ಬರುವ ಹೊತ್ತಿಗೆ ತಾಳಿ ಕಟ್ಟಿ ಆಗಿರ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಬಫರ್ ಇಲ್ಲದ ಪ್ಲಾನ್ ಪ್ಲಾನೇ ಅಲ್ಲ.

ಚಪ್ಪರದ ಕೆಲಸದ ಮುಂದೆ ಜಿಮ್ ಏನು ಮಹಾ

ಹಳ್ಳಿ ಮನೆಯ ಅಂಗಳದಲ್ಲಿ ಮದುವೆಯಾದರೆ ಕೆಲಸಕ್ಕೆ ಬರವಿಲ್ಲ. ಅಡಿಕೆ ಮರದ ಕಂಬ ಹೊರಬೇಕು, ಸೋಗೆ ಎಳೆದು ತರಬೇಕು, ಬಾಳೆಕಂದು ಕಟ್ಟಬೇಕು, ಮಾವಿನ ತೋರಣ ಪೋಣಿಸಬೇಕು. ಈಗ ಕುರ್ಚಿ, ಶಾಮಿಯಾನ ಬಾಡಿಗೆಗೆ ಬಂದರೂ ಅವನ್ನು ಲಾರಿಯಿಂದ ಇಳಿಸಲು ಕೈ ಬೇಕಲ್ಲ? “ನೀವು ನೆಂಟರು, ಕೂತ್ಕೊಳ್ಳಿ ಮಾರಾಯ್ರೇ” ಅಂತ ಮೊದಲು ಹೇಳ್ತಾರೆ. ಪಂಚೆ ಮೇಲೆ ಕಟ್ಟಿ ಒಂದು ಕಂಬಕ್ಕೆ ಹೆಗಲು ಕೊಟ್ಟರೆ ಆಮೇಲೆ ಹೆಸರು ಹಿಡಿದು ಕರೀತಾರೆ.

ಒಂದೇ ಎಚ್ಚರಿಕೆ. ವರ್ಷಕ್ಕೊಮ್ಮೆ ಭಾರ ಎತ್ತುವವರು ಸೊಂಟ ಬಗ್ಗಿಸಿ ಎತ್ತಬಾರದು, ಮೊಣಕಾಲು ಮಡಚಿ ಕೂತು ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ಏಣಿ ಹತ್ತುವ ಕೆಲಸ ಊರಿನ ಹುಡುಗರಿಗೇ ಬಿಡಿ.

ಪಂಕ್ತಿಯಲ್ಲಿ ಬಡಿಸೋದು ಇನ್ನೊಂದು ಒಳ್ಳೆಯ ಅವಕಾಶ. ಅಡುಗೆ ಭಟ್ಟರನ್ನು ಕೇಳಿ ನೀರು, ಉಪ್ಪು, ಕೋಸಂಬರಿಯಿಂದ ಶುರು ಮಾಡಿ, ಬಿಸಿ ಸಾರಿನ ಬಕೆಟ್ ಪಳಗಿದವರ ಕೈಯಲ್ಲಿರಲಿ. ಮೂರು ಪಂಕ್ತಿ ಬಡಿಸಿದ ನಮ್ಮ ಸಕ್ಕರೆ ಅಂಚಿನ ಗೆಳೆಯನ ಫೋನಿನಲ್ಲಿ ಆ ದಿನ 14 ಸಾವಿರ ಹೆಜ್ಜೆ. ಅವನಿಗೆ ಅದು ವ್ಯಾಯಾಮ ಅಂತ ಅನಿಸಲೇ ಇಲ್ಲ. ಇನ್ನೊಂದು ಲಾಭ, ಬಡಿಸಿದವರು ಕೊನೆಯ ಪಂಕ್ತಿಯಲ್ಲಿ ಕೂರೋದರಿಂದ ಹಸಿವಾಗಿ ಉಣ್ತಾರೆ.

ಗದ್ದೆ ಬಯಲಿನಲ್ಲಿ ಲಗೋರಿ

ಏಪ್ರಿಲ್‌ನಲ್ಲಿ ಕೊಯ್ಲಾದ ಗದ್ದೆ ಒಣಗಿ ಬಯಲಾಗಿರ್ತದೆ. ಗದ್ದೆಯವರ ಒಪ್ಪಿಗೆ ಕೇಳಿ ಸಂಜೆ ಐದರ ಮೇಲೆ ಇಳಿಯಿರಿ. ಮಲೆನಾಡಿನ ಹಳ್ಳಿಯಲ್ಲಿ ವಾಲಿಬಾಲ್ ನೆಟ್ ಸಿಗೋದು ಕಷ್ಟವಲ್ಲ, ಆದರೆ ಊರಿನ ಹುಡುಗರ ಎದುರು ನಾವು ಐದು ನಿಮಿಷ ನಿಲ್ಲೋದು ಕಷ್ಟ! ನಾವು ಆರಿಸಿದ್ದು ಲಗೋರಿ. ಏಳು ಕಲ್ಲು, ಒಂದು ಬಟ್ಟೆ ಚೆಂಡು. ಓಡುವವರು ಓಡಲಿ, ಮೊಣಕಾಲು ನೋವಿನವಳು ಕಲ್ಲು ಉರುಳಿಸುವ ಗುರಿಕಾರ್ತಿ, ಮದುಮಗನ ಅಜ್ಜಿ ಅಂಪೈರ್. ಅಜ್ಜಿಯ ತೀರ್ಪಿಗೆ ಅಪೀಲಿಲ್ಲ.

ಹುಡುಗಿಯರಿಗೊಂದು ಸೂಚನೆ: ಮೆಹಂದಿ ಹಾಕಿಸಿಕೊಳ್ಳುವ ಮೊದಲೇ ಆಟ ಮುಗಿಸಿ. ಮೆಹಂದಿ ಕೈಯಲ್ಲಿ ಚೆಂಡು ಹಿಡಿಯಲಾಗದೆ ಬದುವಿನ ಮೇಲೆ ಕೂತು ಚಪ್ಪಾಳೆಯನ್ನೂ ಹೊಡೆಯಲಾಗದವರ ಸಂಕಟ ನೋಡಿದ್ದೇನೆ. ಮಗುವಿನ ತಾಯಿಗೂ ಆಡಲು ಬಿಡಬೇಕು. ಹತ್ತು ಹತ್ತು ನಿಮಿಷ ಒಬ್ಬೊಬ್ಬರು ಮಗು ಎತ್ತಿಕೊಂಡರೆ ಅವಳಿಗೂ ಒಂದು ಗಂಟೆ ಸಿಗ್ತದೆ. “ಎರಡು ವರ್ಷದಲ್ಲಿ ಇವತ್ತೇ ನಾನು ಓಡಿದ್ದು ಕಣ್ರೋ” ಅಂದಳು ಅವಳು. ಆ ಮಾತು ಕೇಳಿ ನಾವು ಗಂಡಸರು ಮುಖ ಮುಖ ನೋಡಿಕೊಂಡೆವು.

ಕವಲೇದುರ್ಗ: ನಿಧಾನದವರು ಮುಂದೆ

ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ದೂರದ ಕವಲೇದುರ್ಗ ಕೆಳದಿ ನಾಯಕರ ಕೋಟೆ. ಹಳ್ಳಿಯಿಂದ ಗದ್ದೆ ಬದಿಯಲ್ಲಿ ಹೊರಟು ಕಲ್ಲು ಹಾಸಿದ ದಾರಿಯಲ್ಲಿ ಏರಬೇಕು. ಒಂದರ ಒಳಗೊಂದು ಕೋಟೆ ಗೋಡೆಗಳು, ದೊಡ್ಡ ಬಾಗಿಲುಗಳು, ಕಾಶಿ ವಿಶ್ವನಾಥ ದೇಗುಲ, ಕೊಳಗಳು, ಅರಮನೆಯ ಅಡಿಪಾಯ, ತುದಿಯಲ್ಲಿ ಇನ್ನೊಂದು ಪುಟ್ಟ ಗುಡಿ. ಅಲ್ಲಿಂದ ಕಾಣುವ ಹಿನ್ನೀರು, ಮಡಿಕೆ ಮಡಿಕೆಯಾದ ಬೆಟ್ಟ ನೋಡಿದರೆ ಏರಿದ ದಣಿವು ಮರೆತುಹೋಗ್ತದೆ. ತೀರಾ ಕಠಿಣ ಚಾರಣವಲ್ಲ, ಹಾಗಾಗಿ ಅಭ್ಯಾಸ ಇಲ್ಲದ ಗುಂಪಿಗೆ ಒಳ್ಳೆಯದು. ಒಳಗೆ ಬಿಡುವ ಸಮಯವನ್ನು ಊರಿನವರಲ್ಲಿ ಮೊದಲೇ ಕೇಳಿಕೊಳ್ಳಿ, ಬಿಸಿಲೇರುವ ಮೊದಲು ಹತ್ತಿ. ಮಳೆ ಬಿದ್ದಿದ್ದರೆ ಆ ಕಲ್ಲುಗಳು ಜಾರುತ್ತವೆ, ಚಪ್ಪಲಿಯಲ್ಲಿ ಹೋಗಬೇಡಿ.

ಗುಂಪಿನಲ್ಲಿ ಬೆಟ್ಟ ಹತ್ತುವಾಗ ಗಟ್ಟಿಗರು ಮುಂದೆ ಓಡಿ, ಹಿಂದಿನವರು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ “ಬಂದ್ರಾ? ನಡೀರಿ” ಅಂತಾರೆ. ವಿಶ್ರಾಂತಿ ಸಿಗೋದು ಬೇಡದವರಿಗೆ! ನಾವು ಇದನ್ನು ತಿರುಗಿಸಿದೆವು. ನಿಧಾನ ನಡೆಯುವವಳು ಮೊದಲು, ಉಳಿದವರು ಅವಳ ಹೆಜ್ಜೆಗೆ, ಎಲ್ಲರಿಗಿಂತ ಗಟ್ಟಿಗ ಕೊನೆಗೆ. ಮೊಣಕಾಲಿನ ಗೆಳತಿ ಕೊಳದವರೆಗೆ ಬಂದು “ಇಲ್ಲಿಗೆ ಸಾಕು, ಇಳಿಯೋದೇ ನನಗೆ ಕಷ್ಟ” ಅಂದಳು. ಇಬ್ಬರು ಅವಳ ಜೊತೆ ಅಲ್ಲೇ ಕೂತರು. ಮೇಲೆ ಹೋದವರು ಬೇಗ ಬಂದರು. ತುದಿ ಮುಟ್ಟಿದವರು ಐವರು, ಆದರೆ ಬೆಟ್ಟಕ್ಕೆ ಹೋದವರು ಎಂಟೂ ಜನ.

ಇನ್ನೂ ದೊಡ್ಡ ಬೆಟ್ಟದ ಆಸೆ ಇದ್ದರೆ ನೆನಪಿಡಿ: ಕುಮಾರಪರ್ವತದಂಥ ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ಮುಂಗಡ ಬುಕಿಂಗ್ ಬೇಕು. 2024ರ ಜನವರಿ ಕೊನೆಯಲ್ಲಿ ಅಲ್ಲಿ ಒಮ್ಮೆಗೇ ಜನಜಾತ್ರೆ ಆದ ಮೇಲೆ ನಿಯಮ ಬಿಗಿಯಾಯಿತು. ಮದುವೆಗೆ ಬಂದವರು ಅಂತ ಗೇಟಿನಲ್ಲಿ ರಿಯಾಯಿತಿ ಇಲ್ಲ.

ಹಿರಿಯರೂ ಬರಲಿ: ಕವಿಶೈಲ, ಕುಂದಾದ್ರಿ

ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ನೋಡಿ, ಅಲ್ಲಿಂದ ಕವಿಶೈಲಕ್ಕೆ ನಿಧಾನ ನಡೆದರೆ ಅಪ್ಪ ಅಮ್ಮಂದಿರಿಗೂ ಹಿತವಾದ ನಡಿಗೆ. ಮದುವೆಗೆ ಬಂದವರು ನೋಡಲೇಬೇಕಾದ ಜಾಗ ಅದು. ಆಡಂಬರವಿಲ್ಲದ ಮದುವೆಗೆಂದು ‘ಮಂತ್ರ ಮಾಂಗಲ್ಯ’ ರೂಪಿಸಿದವರು ಕುವೆಂಪು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಅವರ ಮದುವೆಯೂ ಹಾಗೇ ನಡೆಯಿತು. ಕುಂದಾದ್ರಿಗೆ ಮೇಲಿನವರೆಗೂ ರಸ್ತೆ ಇದೆ. ನಡೆಯಲಾರದವರು ವಾಹನದಲ್ಲಿ, ನಡೆಯುವವರು ರಸ್ತೆ ಅಂಚಿನಲ್ಲಿ ಹತ್ತಿ ಮೇಲಿನ ಜೈನ ಬಸದಿಯ ಹತ್ತಿರ ಸೇರಬಹುದು.

ಹೊಳೆ ಅಂದರೆ ಹುಷಾರು

ಇದನ್ನು ಮಾತ್ರ ತಮಾಷೆಯಿಲ್ಲದೆ ಬರೀತೇನೆ. ಮದುವೆಗೆ, ಪ್ರವಾಸಕ್ಕೆ ಬಂದ ಹುಡುಗರು ಹೊಳೆಯಲ್ಲಿ ಮುಳುಗಿದ ಸುದ್ದಿಯನ್ನು ಬೇಸಿಗೆಯಲ್ಲಿ ನೀವೂ ಓದಿರುತ್ತೀರಿ. ತುಂಗೆ ಬೇಸಿಗೆಯಲ್ಲಿ ಸಣ್ಣಗೆ, ಶಾಂತವಾಗಿ ಕಾಣ್ತಾಳೆ. ಬಂಡೆಗಳ ನಡುವೆ ಎಲ್ಲಿ ಗುಂಡಿ, ಎಲ್ಲಿ ಪಾಚಿ, ಎಲ್ಲಿ ಸುಳಿ ಅನ್ನೋದು ಮೇಲಿಂದ ತಿಳಿಯೋದಿಲ್ಲ. ಈಜುಕೊಳದಲ್ಲಿ ಕಲಿತ ಈಜು ಹೊಳೆಯಲ್ಲಿ ಸಾಲೋದಿಲ್ಲ. ಒಬ್ಬ ಮುಳುಗಿದರೆ ಉಳಿಸಲು ಹಾರುವ ಗೆಳೆಯನೂ ಹೋಗ್ತಾನೆ. ಮದುವೆ ಮನೆ ಸೂತಕದ ಮನೆಯಾಗ್ತದೆ.

ನಮ್ಮ ನಿಯಮ: ಊರಿನ ಹಿರಿಯರು ತೋರಿಸಿದ ಜಾಗದಲ್ಲಿ ಮಾತ್ರ, ಮೊಣಕಾಲು ಮಟ್ಟದ ನೀರಿನವರೆಗೆ ಮಾತ್ರ. ಗುಂಡು ಹಾಕಿದವರು ದಡಕ್ಕೂ ಬೇಡ. ನೀರಿನ ಹತ್ತಿರ ಬಂಡೆ ಮೇಲೆ ನಿಂತು ಸೆಲ್ಫಿ ಇಲ್ಲ. ನೀರು ನೋಡುವ ಆಸೆಗೆ ಚಿಬ್ಬಲಗುಡ್ಡೆ ಇದೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ದೇವಸ್ಥಾನದ ಪಕ್ಕ ಗುಂಪುಗುಂಪಾಗಿ ಬರುವ ಮೀನುಗಳನ್ನು ದಡದಲ್ಲೇ ನಿಂತು ನೋಡಬಹುದು.

ಉಣ್ಣೆ, ಉಂಬಳ

ಮಳೆಗಾಲದ ಉಂಬಳ ರಕ್ತ ಹೀರಿದರೂ ಅಂಥ ಅಪಾಯವಿಲ್ಲ, ಸ್ವಲ್ಪ ಉಪ್ಪು ಹಾಕಿದರೆ ಬಿಡ್ತದೆ. ಬೇಸಿಗೆಯ ಉಣ್ಣೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡೋದು ಈ ಉಣ್ಣೆಯಿಂದ. ಡಿಸೆಂಬರ್‌ನಿಂದ ಮೇವರೆಗಿನ ಅದರ ಕಾಲವೂ ಮದುವೆ ಕಾಲವೂ ಒಂದೇ. ಹೆದರಬೇಕಿಲ್ಲ, ಎಚ್ಚರ ಬೇಕು. ತರಗೆಲೆ ರಾಶಿಯ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮಂಗ ಸತ್ತುಬಿದ್ದ ಜಾಗಕ್ಕೆ ಹೋಗದೆ ಊರಿನವರಿಗೆ ತಿಳಿಸಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಹಾಕಿದ್ದ ಬಟ್ಟೆ ಬಿಸಿನೀರಿಗೆ. ಊರಿಗೆ ಮರಳಿದ ಮೇಲೆ ಒಮ್ಮೆಗೇ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ “ಮಲೆನಾಡಿನ ಕಾಡಿಗೆ ಹೋಗಿದ್ದೆ” ಅಂತ ಡಾಕ್ಟರಿಗೆ ಹೇಳೋದು ಮರೆಯಬೇಡಿ.

ಬ್ಯಾಗಿನಲ್ಲಿ ಇರಲಿ

- ರೇಷ್ಮೆ ಪಂಚೆ, ಸೀರೆಯ ಜೊತೆಗೆ ಹಿಡಿತ ಇರುವ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್
- ನೀರಿನ ಬಾಟಲಿ, ಒಆರ್‌ಎಸ್ ಪೊಟ್ಟಣ, ಟೋಪಿ
- ಬ್ಯಾಂಡೇಜ್, ನಿಮ್ಮ ದಿನದ ಮಾತ್ರೆಗಳು, ಒಂದು ಪೊಟ್ಟಣ ಉಪ್ಪು
- ಟಾರ್ಚ್ (ಮಳೆ ಗಾಳಿ ಬಂದರೆ ಕರೆಂಟ್ ಹೋಗ್ತದೆ)
- ಮನೆಯವರ ಫೋನ್ ನಂಬರ್ ಬರೆದ ಚೀಟಿ, ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ

ಕೊನೆಗೊಂದು ಮಾತು

ರಾತ್ರಿ ಹನ್ನೊಂದಕ್ಕೆ ಇಸ್ಪೀಟು ಮುಚ್ಚಿದರೆ ಬೆಳಿಗ್ಗೆ ಆರಕ್ಕೆ ಏಳಬಹುದು. ಊಟ ಬಿಡಬೇಡಿ, ಮದುವೆ ಮನೆಯಲ್ಲಿ ಹೋಳಿಗೆ ಬೇಡ ಅನ್ನೋದು ಬಡಿಸಿದವರಿಗೆ ಬೇಜಾರು. ಒಂದು ಹೋಳಿಗೆ ಉಂಡು ತೋಟದ ದಾರಿಯಲ್ಲಿ ಇಪ್ಪತ್ತು ನಿಮಿಷ ನಡೆಯಿರಿ. ನಾವು ಎಂಟೂ ಜನ ಹಾಗೆ ನಡೆಯುವಾಗಲೇ, ಸಕ್ಕರೆ ಅಂಚಿನ ಗೆಳೆಯ ತನ್ನ ರಿಪೋರ್ಟಿನ ವಿಷಯ ಬಾಯಿಬಿಟ್ಟದ್ದು. ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಹಾಕುತ್ತಿದ್ದವನು ಅದನ್ನು ಆರು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ಎದುರಿಗೆ ಕೂತಾಗ ಬಾರದ ಮಾತು ಪಕ್ಕದಲ್ಲಿ ನಡೆಯುವಾಗ ಬರ್ತದೆ. ಈಗ ಬೆಂಗಳೂರಿನ ನಾವು ನಾಲ್ವರು ತಿಂಗಳಿಗೊಂದು ಭಾನುವಾರ ಲಾಲ್‌ಬಾಗಿನಲ್ಲಿ ಅವನ ಜೊತೆ ಹೆಜ್ಜೆ ಹಾಕ್ತೇವೆ.

ಮುಂದಿನ ಲಗ್ನಪತ್ರಿಕೆ ಬಂದಾಗ ಬಸ್ ಟಿಕೆಟ್ ಜೊತೆಗೆ ಶೂ ಕೂಡ ತೆಗೆದಿಡಿ. ನಿಮ್ಮ ಕಡೆಯ ಮದುವೆ ಮನೆಗಳಲ್ಲಿ ಗೆಳೆಯರೆಲ್ಲ ಸೇರಿ ಏನೇನು ಆಡ್ತೀರಿ, ಎಲ್ಲಿಗೆ ನಡೀತೀರಿ ಅಂತ ಬರೆದು ತಿಳಿಸಿ. ನಮ್ಮ ಗುಂಪಿನಲ್ಲಿ ಇನ್ನೂ ಮೂರು ಮದುವೆ ಬಾಕಿ ಇವೆ!