ಉಗಿಯ ಶಾಖದಲ್ಲಿ ನಮ್ಮ ಪಾಲೆಷ್ಟು?

ಸೇಡಂ, ವಾಡಿ, ಚಿಂಚೋಳಿಗಳ ಸುಣ್ಣಕಲ್ಲಿನ ಸೀಮೆಯಲ್ಲಿ ಸಿಮೆಂಟಿನ ಗೂಡುಗಳು ಹಗಲಿರುಳೂ ಉರಿಯುತ್ತವೆ. ಸುಮಾರು 1450° ಸೆಂ. ಉಷ್ಣತೆಯಲ್ಲಿ ಕಲ್ಲು ಬೆಂದು ಕ್ಲಿಂಕರಾಗುತ್ತದೆ. ಹಸಿ ಪುಡಿಯನ್ನು ಕಾಯಿಸಿ ಹೊರಬರುವ ಅನಿಲಗಳಲ್ಲಿ ಇನ್ನೂ 300°ಗೆ ಮಿಕ್ಕ ಬಿಸಿ ಉಳಿದಿರುತ್ತದೆ. ಈ ಶಾಖವನ್ನೆಲ್ಲ ವಿದ್ಯುತ್ತಾಗಿ ಮಾರ್ಪಡಿಸಬಾರದೇಕೆಂದು ಚಿಮ್ಮನಚೋಡದ ವಿದ್ಯಾರ್ಥಿಯೊಬ್ಬನು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಆದರೆ ‘ಎಲ್ಲ’ ಎಂಬ ಮಾತಿಗೆ ಪ್ರಕೃತಿಯ ಒಪ್ಪಿಗೆಯಿಲ್ಲ.

ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿ ತೋರಿಸಿಕೊಟ್ಟಂತೆ, ಶಾಖವು ಬಿಸಿಯೆಡೆಯಿಂದ ತಂಪಿನೆಡೆಗೆ ಇಳಿಯುವಾಗ ಮಾತ್ರ ನಾವು ಅದರಿಂದ ಕೆಲಸ ಪಡೆಯಬಲ್ಲೆವು. ಉಗಿ 540°ಯಲ್ಲಿದ್ದು ತಂಪಿನ ತುದಿ 40°ಯಲ್ಲಿದ್ದರೆ, ನಿರಪೇಕ್ಷ ಮಾನದಲ್ಲಿ ಅವು 813 ಮತ್ತು 313 ಡಿಗ್ರಿಗಳಾಗುತ್ತವೆ. ಇವುಗಳ ಅಂತರವನ್ನು 813ರಿಂದ ಭಾಗಿಸಿದರೆ ಬರುವ ಶೇಕಡ 61ನ್ನು ಯಾವ ಯಂತ್ರವೂ ಮೀರಲಾರದು. ನಿಜವಾದ ಸ್ಥಾವರದಲ್ಲಿ ದೊರೆಯುವುದು ಶೇಕಡ 35ರ ಆಸುಪಾಸು.

ಉಳಿದುದರ ಬಹುಪಾಲು ಸಾಂದ್ರಕದಲ್ಲಿ, ಉಗಿ ನೀರಾಗುವಾಗ, ತಂಪುನೀರಿನ ಪಾಲಾಗುತ್ತದೆ. ಹಾಗಾದರೆ ಸಾಂದ್ರಕವನ್ನೇ ತೆಗೆದುಹಾಕಿ, ದುಡಿದ ಉಗಿಯನ್ನು ಒತ್ತಿ ಬಾಯ್ಲರಿಗೆ ಮರಳಿಸಬಹುದಲ್ಲವೆ? ಈ ಯುಕ್ತಿ ಅನೇಕರಿಗೆ ಹೊಳೆಯುತ್ತದೆ. ಆದರೆ ಉಗಿಯ ಗಾತ್ರ ಬಹು ದೊಡ್ಡದು. ಅದನ್ನು ಒತ್ತಲು ಅದು ಕೊಟ್ಟ ಕೆಲಸವೆಲ್ಲ ಬೇಕಾದೀತು. ನೀರನ್ನಾದರೋ ಅತ್ಯಲ್ಪ ಶ್ರಮದಿಂದ ಪಂಪು ಬಾಯ್ಲರಿಗೆ ತಳ್ಳುತ್ತದೆ. ಸಾಂದ್ರಕವು ಈ ಅನುಕೂಲಕ್ಕೆ ನಾವು ತೆರುವ ತೆರಿಗೆ.

ತೆರಿಗೆಯನ್ನು ತಗ್ಗಿಸುವ ದಾರಿಗಳುಂಟು. ಟರ್ಬೈನಿನ ನಡುವಿನಿಂದ ಸ್ವಲ್ಪ ಉಗಿಯನ್ನು ಸೆಳೆದು ಬಾಯ್ಲರಿಗೆ ಹೋಗುವ ನೀರನ್ನು ಕಾಯಿಸಬಹುದು. ಆ ಉಗಿ ದುಡಿಯಬಹುದಾಗಿದ್ದ ಕೆಲಸದಲ್ಲಿ ಕೊಂಚ ನಷ್ಟ. ಅದರ ಗುಪ್ತೋಷ್ಣವೆಲ್ಲ ಚಕ್ರದೊಳಗೇ ಉಳಿಯುವುದರಿಂದ ಒಟ್ಟಿನಲ್ಲಿ ಲಾಭವೇ. ಅರ್ಧ ದಣಿದ ಉಗಿಯನ್ನು ಮತ್ತೆ ಕಾಯಿಸುವುದು ಇನ್ನೊಂದು ದಾರಿ. ಇದರಿಂದ ಕಡೆಯ ಅಲಗುಗಳನ್ನು ಸವೆಸುವ ನೀರಹನಿಗಳೂ ಕಡಿಮೆಯಾಗುತ್ತವೆ. ಮೂರನೆಯದು ಒತ್ತಡವನ್ನೂ ಉಷ್ಣತೆಯನ್ನೂ ಏರಿಸುವುದು. ರಾಯಚೂರಿನ ಬಳಿ ಶಕ್ತಿನಗರದಲ್ಲಿ 1985ರಲ್ಲಿ ಆರಂಭವಾದ 210 ಮೆಗಾವಾಟಿನ ಘಟಕದಲ್ಲಿ ನೀರು ಕುದಿದೇ ಉಗಿಯಾಗುವಂಥ ಏರ್ಪಾಡು. ಅದೇ ಜಿಲ್ಲೆಯ ಯರಮರಸಿನಲ್ಲಿ 2017ರ ವೇಳೆಗೆ ಸಿದ್ಧವಾದ, ತಲಾ 800 ಮೆಗಾವಾಟಿನ ಎರಡು ಘಟಕಗಳು ‘ಸೂಪರ್‌ಕ್ರಿಟಿಕಲ್’ ಬಗೆಯವು. ಅಲ್ಲಿ ಒತ್ತಡವು ಸುಮಾರು 218 ವಾಯುಭಾರದ ಸಂಧಿಬಿಂದುವನ್ನು ಮೀರುವುದರಿಂದ ನೀರಿಗೂ ಉಗಿಗೂ ಭೇದವೇ ಉಳಿಯದು, ಕುದಿಯುವಿಕೆಯೆಂಬುದೇ ಇಲ್ಲ. ಅತ್ಯಧಿಕ ಉಷ್ಣತೆಯಲ್ಲಿ ಉಕ್ಕು ಮೆಲ್ಲಮೆಲ್ಲನೆ ಹಿಗ್ಗದಿದ್ದರೆ ಇನ್ನೂ ಮೇಲೇರಬಹುದಾಗಿತ್ತು.

ದಕ್ಷತೆ 35ರಿಂದ 40ಕ್ಕೆ ಏರಿದರೆ ಏನು ಮಹಾ ಎನ್ನಬಾರದು. ಅಷ್ಟೇ ವಿದ್ಯುತ್ತಿಗೆ ಎಂಟರಲ್ಲೊಂದು ಪಾಲು ಕಲ್ಲಿದ್ದಲು ಉಳಿಯುತ್ತದೆ. 1600 ಮೆಗಾವಾಟಿನ ಪೂರ್ಣ ಉತ್ಪಾದನೆಯಲ್ಲಿ, ಕಿಲೋಗ್ರಾಮಿಗೆ 4000 ಕಿಲೋಕ್ಯಾಲರಿ ಕೊಡುವ ಕಲ್ಲಿದ್ದಲೆಂದು ಲೆಕ್ಕಹಾಕಿದರೆ, ಉಳಿತಾಯ ಗಂಟೆಗೆ ಸುಮಾರು 120 ಟನ್ನು!

ಈಗ ಸಿಮೆಂಟಿನ ಗೂಡಿಗೆ ಮರಳೋಣ. 330°ಯ ಅನಿಲಕ್ಕೆ ಕಾರ್ನೊ ಮಿತಿ ಶೇಕಡ 48. ಕೈಗೆ ಬರುವುದು ಐದರಲ್ಲೊಂದು ಪಾಲು ಮಾತ್ರ. ಆದರೂ ನಮಗೆ ಇದು ಹೀನವೆನಿಸದು, ಏಕೆಂದರೆ ಇಲ್ಲಿ ಹೊಸ ಕಲ್ಲಿದ್ದಲು ಒಂದು ಹಿಡಿಯೂ ಬೇಡ. ಒಂದೇ ತೊಡಕು ತಂಪಿನ ತುದಿಯದು. ಮೇ ತಿಂಗಳಿನಲ್ಲಿ ಈ ಸೀಮೆಯ ಗಾಳಿಯೇ 40° ದಾಟುತ್ತದೆ. ನೀರಿನ ಅಭಾವದಿಂದ ಗಾಳಿಯಿಂದಲೇ ತಣಿಸಬೇಕಾದ ಸ್ಥಾವರದ ಸಾಂದ್ರಕವು 50°ಗಿಂತ ಕೆಳಗಿಳಿಯುವುದು ಕಷ್ಟ. ಮನೆಮನೆಯಲ್ಲೂ ಫ್ಯಾನು ತಿರುಗುವ ಆ ದಿನಗಳಲ್ಲೇ ಯಂತ್ರದ ಇಳುವರಿ ಕಡಿಮೆ.