ಸಿ.ಐ.ಡಿ. 999 ಮತ್ತು ನಮ್ಮೋಣಿಯ ಪತ್ತಾರರು

ಮೂರು ದಶಕಗಳ ಕಾಲ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿದವನು ಬಾನುಲಿಯಲ್ಲಿ ಪತ್ತೇದಾರಿ ಚಲನಚಿತ್ರಗಳ ಮಾತೆತ್ತಿದರೆ ಹಳೆಯ ಸಹೋದ್ಯೋಗಿಗಳು ಹುಬ್ಬೇರಿಸಿಯಾರು. ನಾನು ಅವುಗಳ ವಕಾಲತ್ತು ವಹಿಸಲು ಬಂದಿಲ್ಲ. ಒಂದು ಹಳೆಯ ಬಾಕಿಯನ್ನು ತೀರಿಸಬೇಕಾಗಿದೆ.

ದೊರೈ–ಭಗವಾನ್ ಜೋಡಿ ರಾಜಕುಮಾರರನ್ನು ಸಿ.ಐ.ಡಿ. 999 ಆಗಿ ತೆರೆಗೆ ತಂದ ಚಿತ್ರಗಳು ನಾಲ್ಕು. 1968ರಲ್ಲಿ 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷಗಳ ತರುವಾಯ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಇವುಗಳ ವಿಷಯದಲ್ಲಿ ಕನ್ನಡಿಗರದು ಎರಡು ಪಂಗಡ. ಶಿಳ್ಳೆ ಹೊಡೆದು ನೋಡಿದವರಿಗೆ ಅವು ಹಬ್ಬ. ಓದಿಕೊಂಡವರಿಗೆ ಜೇಮ್ಸ್ ಬಾಂಡನ ಅಗ್ಗದ ನಕಲು, ಬೇಡರ ಕಣ್ಣಪ್ಪನಾಗಿದ್ದ ನಟನ ಕೈಗೆ ಪಿಸ್ತೂಲು ಕೊಟ್ಟ ಅಪಚಾರ.

ನಾನು ಮೊದಲನೆಯ ಪಂಗಡದಲ್ಲಿ ಹುಟ್ಟಿ ಎರಡನೆಯದಕ್ಕೆ ಪಕ್ಷಾಂತರ ಮಾಡಿದವನು. ಧಾರವಾಡದಲ್ಲಿ ಎಂ.ಎ. ಓದುವಾಗ ಗುರುಗಳೊಬ್ಬರು, "ಇಂಥವನ್ನೆಲ್ಲ ನೋಡತೀರೇನ್ರಿ?" ಎಂದು ಕೇಳಿದಾಗ "ಇಲ್ಲ ಸರ್" ಎಂದುಬಿಟ್ಟೆ.

ನೋಡಿದ್ದೆ. ಹಾನಗಲ್ಲಿನ ಟೂರಿಂಗ್ ಟಾಕೀಸಿನಲ್ಲಿ, ಐದನೆಯ ಇಯತ್ತೆಯಲ್ಲಿದ್ದಾಗ, ಅಪ್ಪನ ಜೊತೆ ನೆಲದ ಮೇಲೆ ಕುಳಿತು 'ಜೇಡರ ಬಲೆ' ನೋಡಿದ್ದೆ. ಪಕ್ಕದಲ್ಲಿ ನಮ್ಮೋಣಿಯ ಪತ್ತಾರ ಕಾಕಾ. ಕೀಳು ಲೋಹವನ್ನು ಬಂಗಾರವಾಗಿಸುವ ವಿಜ್ಞಾನಿಯ ಸೂತ್ರವೇ ಆ ಕಥೆಯ ಮೂಲ. ಮಂದಿಯೆಲ್ಲ ಬಾಯಿ ತೆರೆದು ನೋಡುತ್ತಿದ್ದಾಗ ಕಾಕಾ ನನ್ನ ಕಡೆ ಬಾಗಿ, "ಬಂಗಾರ ಮಾಡೂದು ದೊಡ್ಡದಲ್ಲೋ ತಮ್ಮಾ, ಇಟಗೊಳ್ಳೂದ ತ್ರಾಸ ಐತಿ" ಎಂದರು. ಅಪ್ಪ ನಗಲಿಲ್ಲ. ಏಕೆಂದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಈಚೆಗೆ, ನಿವೃತ್ತಿಯ ಬಿಡುವಿನಲ್ಲಿ ಆ ಚಿತ್ರವನ್ನು ಮತ್ತೊಮ್ಮೆ ನೋಡಿದಾಗ. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮವು 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಆಭರಣ ಮಾಡಕೂಡದೆಂದು ವಿಧಿಸಿತು. ನಾಡಿನ ಅಕ್ಕಸಾಲಿಗರ ಕುಲುಮೆಗಳು ಆರಿದವು. 1966ರಲ್ಲಿ ಆ ಮಿತಿ ಸಡಿಲಗೊಂಡಿತಾದರೂ, 1968ರ ಕಾಯಿದೆ ಚಿನ್ನದ ಗಟ್ಟಿಯನ್ನಾಗಲಿ ನಾಣ್ಯವನ್ನಾಗಲಿ ಜನ ಮನೆಯಲ್ಲಿಟ್ಟುಕೊಳ್ಳುವುದನ್ನು ನಿಷೇಧಿಸಿತು. ಅದು ರದ್ದಾದದ್ದು 1990ರಲ್ಲಿ. ತಾರಕೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ ಕುಲುಮೆ ಹೂಡಿದ್ದ ಕಾಕಾ ಆ ವರ್ಷಗಳಲ್ಲಿ ಕಿರಾಣಿ ಅಂಗಡಿಯೊಂದರಲ್ಲಿ ಬೆಲ್ಲ ತೂಗುತ್ತಿದ್ದರು. ಗುಂಜಿಯ ಲೆಕ್ಕದಲ್ಲಿ ತೂಗಿದ ಕೈ! ಕಾಯಿದೆ ಬಂದ ವರ್ಷವೇ 'ಜೇಡರ ಬಲೆ'ಯೂ ಬಂದಿತ್ತು.

ಚಿತ್ರ ತೆಗೆದವರು ಇದನ್ನು ಲೆಕ್ಕ ಹಾಕಿ ತೆಗೆದರೆಂದು ನಾನು ಹೇಳಲಾರೆ. ಆದರೆ ವೇಷ ಬಾಂಡನದಾದರೂ ಅದರೊಳಗಿನ ಹಸಿವು ನಮ್ಮದೇ ಎಂಬುದನ್ನು, ವಚನಗಳ ಪರುಷಮಣಿಯನ್ನು ತರಗತಿಯಲ್ಲಿ ನೂರು ಸಲ ವಿವರಿಸಿದ ನಾನು, ಗುರುತಿಸದೆ ಹೋದೆ. ಹಾಗೆ ನೋಡಿದರೆ ಆ ಸೂತ್ರವೂ ಬರಿಯ ಕಟ್ಟುಕಥೆಯಲ್ಲ. 1980ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿ ಸೀಬೋರ್ಗ್ ಮತ್ತು ಸಂಗಡಿಗರು ಬಿಸ್ಮತ್ ಲೋಹದಿಂದ ನಿಜವಾಗಿಯೂ ಚಿನ್ನದ ಪರಮಾಣುಗಳನ್ನು ಪಡೆದರು. ತಗುಲಿದ ವೆಚ್ಚದ ಮುಂದೆ ದೊರೆತ ಚಿನ್ನ ಧೂಳಿಗೂ ಸಮವಲ್ಲ.

ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೆಂಗಸರನ್ನು ಅಲಂಕಾರದ ಬೊಂಬೆಗಳನ್ನಾಗಿಸಿದ ದೋಷ ಇಂದು ಹೆಚ್ಚೇ ಚುಚ್ಚುತ್ತದೆ. ಕೊನೆಯ ಚಿತ್ರದಲ್ಲಿ ರಾಜಕುಮಾರರು ಇಂಗ್ಲಿಷಿನಲ್ಲಿ ಹಾಡಿದ ಹಾಡೊಂದು ಉಳಿದಿದೆ. ವಜ್ರಗಳ ಕಥೆ ನನ್ನಲ್ಲಿ ಉಳಿದಿಲ್ಲ. ವಜ್ರಕ್ಕಾಗಿ ನಮ್ಮೋಣಿಯಲ್ಲಿ ಯಾರೂ ಅತ್ತಿರಲಿಲ್ಲ. ಇದೇ ಜೋಡಿ ವಾಣಿಯವರ 'ಎರಡು ಕನಸು', ಭಾರತೀಸುತರ 'ಬಯಲು ದಾರಿ' ಕಾದಂಬರಿಗಳನ್ನು ತೆರೆಗೆ ತಂದಾಗ ನಾವು ಸಾಹಿತ್ಯದವರು ತಲೆದೂಗಿದೆವು. ಮೊದಲಿನ ಚಿತ್ರಗಳನ್ನು ಅವರ ಬಾಲ್ಯಚೇಷ್ಟೆಯೆಂದು ಮರೆತೆವು.

ಆ ಗುರುಗಳು ಈಗಿಲ್ಲ. ಪತ್ತಾರ ಕಾಕಾನೂ ಇಲ್ಲ. ನೋಡಿದ್ದೇನೆ ಸರ್, ಎರಡು ಸಲ.